ಸುತ್ತಮುತ್ತ ನೋಡಿ ಡಿಸೈನ್ ಮಾಡು ಅಂತಾರೆ. ನಮ್ಮೂರಲ್ಲಿ ಏನು ನೋಡಲಿ?

ಮಳೆಹುಳ · ಜನವರಿ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಟೆಕ್ಸ್‌ಟೈಲ್ ಡಿಸೈನ್ ಓದುತ್ತಿದ್ದೇನೆ, ಎರಡನೇ ವರ್ಷ. ಮನೆ ಕೊಡಗಿನ ಮಾದಾಪುರದ ಹತ್ತಿರ. ಈಗ ರಜೆಗೆ ಬಂದಿದ್ದೇನೆ.

ಈ ಸಲದ ಕೆಲಸ ಹೀಗಿದೆ. ದಿನಾ ಕಣ್ಣಿಗೆ ಬೀಳುವ ಯಾವುದಾದರೂ ಒಂದನ್ನು ಆರಿಸಬೇಕು. ನಲವತ್ತು ಚಿತ್ರ ಬರೆಯಬೇಕು. ಕೊನೆಗೆ ಅದರಿಂದಲೇ ಮಗ್ಗದಲ್ಲಿ ಒಂದು ಬಟ್ಟೆ ನೇಯಬೇಕು. ನಾನು ಕಾಫಿ ಬೀಜ, ಕಾಫಿ ಹೂ, ಮೆಣಸಿನ ಬಳ್ಳಿ ಬರೆದುಕೊಂಡು ಹೋದೆ. ಮೇಡಂ ನೋಡಿ "ಹೋಮ್‌ಸ್ಟೇ ಗೋಡೆಗೆ ಚೆನ್ನಾಗಿರುತ್ತೆ" ಅಂದರು. ಕ್ಲಾಸೆಲ್ಲ ನಕ್ಕಿತು. ಸಿಟ್ಟು ಬಂತು. ಆದರೆ ಬಸ್ಸಲ್ಲಿ ಬರುವಾಗ ಯೋಚಿಸಿದರೆ ಅವರು ಹೇಳಿದ್ದು ಸರಿ ಅನಿಸಿತು.

ಟೂರಿಸ್ಟ್‌ಗಳಿಗೆ ಇಲ್ಲಿ ಎಲ್ಲವೂ ಚೆಂದ. ನನಗೆ ಹುಟ್ಟಿದಾಗಿನಿಂದ ಅದೇ ಸಿಲ್ವರ್ ಮರ, ಅದೇ ಮಂಜು, ಅದೇ ಜಿಗಣೆ. ಏನೂ ಕಾಣಿಸುತ್ತಲೇ ಇಲ್ಲ. ನೀವಾದರೆ ಏನು ನೋಡುತ್ತಿದ್ದಿರಿ?

ಕರಿಮೆಣಸು · 9:52

ಮೆಣಸಿನ ರೇಟು ನೋಡುತ್ತಿದ್ದೆ.

ಸುಮ್ನೆ ಓದುವವ · 10:05

ಜಿಗಣೆ ಡಿಸೈನ್ ಮಾಡಿ ತಂಗಿ. ಕೆಂಪು ಬಟ್ಟೆ ಮೇಲೆ ಕಪ್ಪು. ಯಾರೂ ಮಾಡಿರಲ್ಲ 😄

ನಾಪೋಕ್ಲು ನೆನಪು · 10:31

ಮಗಳೇ, ಇಷ್ಟು ದೂರ ಯಾಕೆ ಹುಡುಕುತ್ತೀಯ? ನಮ್ಮ ಕೊಡವರ ಸೊಂಟಪಟ್ಟಿ, ಚೇಲೆ ಇದೆಯಲ್ಲ. ಕೆಂಪು ರೇಷ್ಮೆ, ತುದಿಯಲ್ಲಿ ಜರಿ ಕೆಲಸ. ಗಂಡಸರ ಕಪ್ಪು ನಿಲುವಂಗಿ ಕುಪ್ಯದ ಮೇಲೆ ಅದನ್ನು ಸುತ್ತಿ ಪೀಚೆಕತ್ತಿ ಅನ್ನುವ ಬಾಕು ಸಿಕ್ಕಿಸಿದರೆ ಅದಕ್ಕಿಂತ ಒಳ್ಳೆ ಬಣ್ಣದ ಜೋಡಣೆ ಯಾವ ಕಾಲೇಜು ಹೇಳಿಕೊಡುತ್ತದೆ? ನಮ್ಮ ಸೀರೆ ಕಟ್ಟುವ ರೀತಿಯನ್ನೂ ನೋಡು. ನೆರಿಗೆ ಹಿಂದೆ, ಸೆರಗು ಎಡಗೈ ಅಡಿಯಿಂದ ಬಂದು ಬಲಭುಜದ ಮೇಲೆ. ಕಾವೇರಮ್ಮ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಹೋಯಿತು ಅಂತ ಬಲಮುರಿಯ ಕಥೆ ಇದೆ.

ಕರಿಮೆಣಸು · 10:38

ಕಥೆ ಚೆನ್ನಾಗಿದೆ ಆಂಟಿ. ಆದರೆ ಗುಡ್ಡ ಹತ್ತಿ ಗದ್ದೆಗೆ ಇಳಿಯುವ ಹೆಂಗಸರಿಗೆ ನೆರಿಗೆ ಮುಂದಿದ್ದರೆ ಕಾಲಿಗೆ ಸಿಕ್ಕುತ್ತದೆ. ಅಷ್ಟೇ ವಿಷಯ ಅಂತ ನನಗನಿಸುತ್ತದೆ.

ನಾಪೋಕ್ಲು ನೆನಪು · 10:44

ಎರಡೂ ಇರಲಿ. ಸೀರೆ ಕಟ್ಟಿ ಗದ್ದೆಗೆ ಇಳಿದವಳು ನಾನು, ನೀನಲ್ಲ.

ಕರಿಮೆಣಸು · 10:45

ಸೋತೆ 🙏

ಮಳೆಹುಳ · 11:02

ಆಂಟಿ, ಚೇಲೆ ನನಗೂ ಇಷ್ಟ. ಆದರೆ ಅದು ಆಗಲೇ ಡಿಸೈನ್ ಆಗಿರುವ ಬಟ್ಟೆ. ಅದನ್ನೇ ನಕಲು ಮಾಡಿದರೆ ನನ್ನ ಕೆಲಸ ಏನು? ಮತ್ತೆ ನಾವು ಕೊಡವರಲ್ಲ, ಅರೆಭಾಷೆಯವರು. ನಾನು ಚೇಲೆ ಮುಟ್ಟಿದರೆ ಇಲ್ಲೇ ಯಾರಾದರೂ ಬೈಯುತ್ತಾರೆ.

ಕಣದ ಕಾವಲುಗಾರ · ಜನವರಿ 15, ಬೆಳಿಗ್ಗೆ 6:15

ಯಾರೂ ಬೈಯಲ್ಲ. ಆದರೆ ಚೇಲೆಯ ಅಂಚನ್ನು ಕುಶನ್ ಕವರಿಗೆ ಹಾಕಿ ಮಾರಿದರೆ ನಾನೇ ಬೈಯುತ್ತೇನೆ. ಒಂದು ಅಂಗಡಿಯಲ್ಲಿ ಅದೇ ಅಂಚಿನ ಕಾಲೊರೆಸು ನೋಡಿದ್ದೆ. ಮದುವೆಯಲ್ಲಿ ಸೊಂಟಕ್ಕೆ ಕಟ್ಟುವುದನ್ನು ಬಾಗಿಲಿಗೆ ಹಾಸಿದ್ದರು!

ಮಗ್ಗದ ಮಾತು · 8:20

ನಾನು ವಿರಾಜಪೇಟೆಯವಳು. ಇಪ್ಪತ್ತು ವರ್ಷದಿಂದ ಬಟ್ಟೆಯ ಕೆಲಸ ಮಾಡುತ್ತಿದ್ದೇನೆ, ಈಗ ಮೈಸೂರಿನಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ತಂಗಿ, ನೀನು ವಸ್ತು ಹುಡುಕುತ್ತಿದ್ದೀಯ. ಕೊಡಗು ಅಂದರೆ ಕಾಫಿ, ಕಾಫಿ ಅಂದರೆ ಬೀಜ. ಅದು ಚಿತ್ರ ಅಲ್ಲ, ಬೋರ್ಡು. ವಸ್ತು ಬಿಟ್ಟು ಗುರುತು ಹುಡುಕು. ಯಾವುದು ಯಾವುದರ ಮೇಲೆ ಏನು ಬಿಟ್ಟು ಹೋಗಿದೆ ಅಂತ ನೋಡು. ಈಗ ಕುಯ್ಲಿನ ಸಮಯ ತಾನೆ? ಬೆಳಿಗ್ಗೆ ಕಣಕ್ಕೆ ಹೋಗು. ಒಣಹಾಕಿದ ಕಾಫಿ ಹಣ್ಣು, ಅಂದರೆ ಚೆರಿ ಮಗುಚಿದಾಗ ಹಲಗೆ ಎಳೆದ ಗೆರೆಗಳು ಇರುತ್ತವೆ. ಹತ್ತು ಗಂಟೆಗೆ ಒಂದು ದಿಕ್ಕು, ಮಧ್ಯಾಹ್ನ ಅಡ್ಡ. ಹೊಸದಾಗಿ ಹರಡಿದ್ದು ಕೆಂಪು, ನಾಲ್ಕು ದಿನದ್ದು ಕಂದು, ಹತ್ತು ದಿನದ್ದು ಕಪ್ಪು. ಪಕ್ಕಪಕ್ಕ ನೋಡಿದರೆ ಅದೇ ಪಟ್ಟೆ ಬಟ್ಟೆ. ಬೀಜ ಬರೆಯಲೇ ಬೇಡ.

ಇನ್ನೊಂದು ಹಳೆಯ ಉಪಾಯ. ಮದುವೆ ಕಾಗದದಲ್ಲಿ ಎರಡಿಂಚಿನ ಚೌಕ ಕತ್ತರಿಸು. ಆ ಕಿಟಕಿಯಲ್ಲಿ ಕಂಡಷ್ಟನ್ನೇ ಬರೆ. ಮರ ಕಾಣಲ್ಲ, ತೊಗಟೆ ಕಾಣುತ್ತದೆ. ಮನೆ ಕಾಣಲ್ಲ, ಹಂಚಿನ ಸಾಲು ಕಾಣುತ್ತದೆ.

ಮನೆಯ ಹತ್ತಿರದ್ದು ಸಣ್ಣದು ಅಂತ ಅಂದುಕೊಳ್ಳಬೇಡ. ಇಂಗ್ಲೆಂಡಿನ ವಿಲಿಯಂ ಮಾರಿಸ್ 1883ರಲ್ಲಿ ಮಾಡಿದ 'ಸ್ಟ್ರಾಬೆರಿ ಥೀಫ್' ಅನ್ನುವ ಬಟ್ಟೆ ಇವತ್ತಿಗೂ ಮಾರಾಟವಾಗುತ್ತಿದೆ. ಅದರಲ್ಲಿ ಇರುವುದೇನು? ಅವನ ತೋಟದ ಹಣ್ಣು ಕದಿಯುತ್ತಿದ್ದ ಹಕ್ಕಿಗಳು. ನಮ್ಮಲ್ಲಾದರೆ ಕೋತಿ ಅಂತ ಇಟ್ಟುಕೋ.

ಕರಿಮೆಣಸು · 8:31

ನಮ್ಮಲ್ಲಿ ಆನೆ. ಹಣ್ಣು ಮಾತ್ರ ಅಲ್ಲ, ಬೇಲಿಯನ್ನೂ ಕದಿಯುತ್ತದೆ.

ಕಣದ ಕಾವಲುಗಾರ · 8:40

ಆನೆ ವಿಷಯ ತೆಗೆದರೆ ಅರಣ್ಯ ಇಲಾಖೆಯವರು ಹೋದ ತಿಂಗಳು…

ನಿರ್ವಾಹಕ · 8:55

ಆನೆಗೆ ಬೇರೆ ಚರ್ಚೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಧಾರವಾಡದ ಸೊಸೆ · 11:10

ನಾ ಧಾರವಾಡದಾಕಿ, ಮದುವೆಯಾಗಿ ಕುಶಾಲನಗರಕ್ಕೆ ಬಂದೀನಿ. ಕಸೂತಿ ಹಾಕತೀನಿ. ನೋಡ್ರಿ, ನಮ್ಮ ಕಸೂತಿಯೊಳಗ ಇರೋದೆಲ್ಲ ಮನಿ ಮುಂದಿನದ್ದ. ತುಳಸಿಕಟ್ಟಿ, ತೊಟ್ಟಿಲು, ತೇರು, ಗೋಪುರ, ನವಿಲು, ಆನಿ. ಹೆಣ್ಣುಮಕ್ಕಳು ಬಾಗಿಲಾಗ ಕೂತು ಏನು ಕಂಡಿತೋ ಅದನ್ನ ಹಾಕಿದ್ರು. ಪೆನ್ಸಿಲ್ಲಿಲೆ ಬರಕೊಳ್ಳಂಗಿಲ್ಲ. ಬಟ್ಟಿ ಎಳಿ ಎಣಿಸೇ ಹಾಕಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಕು ಹೊಲಿಗಿ. ಗಂಟು ಹಾಕಂಗಿಲ್ಲ. ಗವಂತಿ, ಮುರಗಿ ಹಾಕಿದ್ರ ಹಿಂದ ಮುಂದ ಎರಡೂ ಕಡಿ ಒಂದ ಥರ ಕಾಣಬೇಕು.

ಎಳಿ ಎಣಿಸೋದರಾಗ ಒಂದು ಗುಟ್ಟು ಐತಿ. ಆನಿ ಸೊಂಡಿಲು ಸೊಟ್ಟ ಇರತದ, ಆದ್ರ ಕಸೂತಿ ಆನಿಗೆ ಮೆಟ್ಟಲು ಮೆಟ್ಟಲು ಸೊಂಡಿಲು. ನೀ ನೋಡಿದ್ದನ್ನ ಬಟ್ಟಿ ಬದಲಾಯಿಸತದ. ಬದಲಾಯಿಸಾಕ ಬಿಡು. ಅದ ಡಿಸೈನು.

ಮಳೆಹುಳ · 11:25

ಅಕ್ಕಾ, ಕೊನೆಯ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ.

ಸುಮ್ನೆ ಓದುವವ · ಮಧ್ಯಾಹ್ನ 12:40

ಚಿಕ್ಕವರಿದ್ದಾಗ ಬೆಳ್ಳಿ ಜರಿಗಿಡದ ಎಲೆ ಕಿತ್ತು ಕೈ ಮೇಲೆ ಫಟ್ ಅಂತ ಹೊಡೆದುಕೊಳ್ಳುತ್ತಿದ್ದೆವು. ಎಲೆಯ ಅಡಿಯ ಬಿಳಿ ಪುಡಿ ಹಾಗೇ ಅಚ್ಚಾಗುತ್ತಿತ್ತು. ಅದೇ ನಮ್ಮ ಟ್ಯಾಟೂ. ಬ್ಲಾಕ್ ಪ್ರಿಂಟ್ ಅಂದರೆ ಅದೇ ಅಲ್ವಾ?

ಮಗ್ಗದ ಮಾತು · 12:58

ಅದೇ! ನಾನು ಮರೆತೇ ಬಿಟ್ಟಿದ್ದೆ. ಕಪ್ಪು ಯೂನಿಫಾರ್ಮ್ ಸ್ಕರ್ಟಿನ ಮೇಲೆ ಇನ್ನೂ ಚೆನ್ನಾಗಿ ಬೀಳುತ್ತಿತ್ತು. ಮನೆಯಲ್ಲಿ ಏಟೂ ಬೀಳುತ್ತಿತ್ತು.

ಕರಿಮೆಣಸು · 1:15

ಒಂದು ಮಾತು ಹೇಳಲಾ? ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ಈ ಹುಡುಗಿ ಓದು ಮುಗಿಸಿ ಏನು ಮಾಡುತ್ತಾಳೆ? ನನ್ನ ಅಕ್ಕನ ಮಗ ಇಂಥದ್ದೇ ಏನೋ ಓದಿದ. ಲಕ್ಷಗಟ್ಟಲೆ ಫೀಸು. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಗೆರೆ, ಗುರುತು, ಹೊಟ್ಟೆ ತುಂಬುತ್ತಾ?

ನಿವೃತ್ತ ಹವಾಲ್ದಾರ · 2:30

ಕರಿಮೆಣಸು ಅವರೇ, ಇವತ್ತು ಜನವರಿ 15. ಸೇನಾ ದಿನ. 1949ರಲ್ಲಿ ಇದೇ ದಿನ ನಮ್ಮ ಕಾರ್ಯಪ್ಪನವರು ಭಾರತ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅದು ನಿಮಗೆ ಗೊತ್ತಿರುತ್ತದೆ. ಇನ್ನೊಂದು ಹೇಳುತ್ತೇನೆ. 2022ರ ಇದೇ ದಿನ ಸೇನೆಯ ಹೊಸ ಯುದ್ಧ ಸಮವಸ್ತ್ರ ಹೊರಗೆ ಬಂತು. ಅದನ್ನು ಮಾಡಿದ್ದು ಫ್ಯಾಷನ್ ಡಿಸೈನ್ ಕಲಿಸುವ ನಿಫ್ಟ್ ಸಂಸ್ಥೆಯ ಜೊತೆ ಸೇರಿ. ಗೆರೆ, ಗುರುತು ಓದಿದವರೇ.

ನಾನು ಹದಿನೇಳು ವರ್ಷ ಯೂನಿಫಾರ್ಮ್ ಹಾಕಿದ್ದೇನೆ. ಕಾಡಿನ ಬಣ್ಣ ನೋಡಿ ಬಟ್ಟೆ ಮಾಡುವುದು ನಮ್ಮ ಪ್ರಾಣದ ಪ್ರಶ್ನೆ. ಖಾಕಿ ಅನ್ನುವ ಹೆಸರೇ ಪಾರಸಿಯ ಖಾಕ್‌ನಿಂದ ಬಂದದ್ದು. ಅಂದರೆ ಮಣ್ಣು, ಧೂಳು. 1840ರ ದಶಕದಲ್ಲಿ ಪೇಶಾವರದ ಕಡೆಯ ಪಡೆಯವರು ಸುತ್ತಲಿನ ಮಣ್ಣಿನ ಬಣ್ಣವನ್ನೇ ಬಟ್ಟೆಗೆ ಹಾಕಿಕೊಂಡರು. ಸುತ್ತಮುತ್ತ ನೋಡಿ ಡಿಸೈನ್ ಮಾಡುವುದು ಅಂದರೆ ಅದು. ಕೆಂಪು ಕೋಟು ಹಾಕಿದವನು ದೂರದಿಂದಲೇ ಕಾಣುತ್ತಾನೆ.

ಸುಮ್ನೆ ಓದುವವ · 2:41

ಖಾಕಿ ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು?

ನಿವೃತ್ತ ಹವಾಲ್ದಾರ · 2:50

ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಬಟ್ಟೆ ನೇಯಿಸಿದ್ದು ನಿಜ. 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಶುರು ಮಾಡಿದರು. ಆದರೆ ಪೇಶಾವರದವರು ಅದಕ್ಕೂ ಮೊದಲೇ ಹಾಕಿಕೊಂಡಿದ್ದರು. ನಿಮ್ಮ ಮೇಷ್ಟ್ರಿಗೆ ನನ್ನ ಸೆಲ್ಯೂಟ್, ಬೇಜಾರು ಮಾಡಿಕೊಳ್ಳುವುದು ಬೇಡ.

ಮಳೆಹುಳ · ಜನವರಿ 17, ಸಂಜೆ 6:10

ಎರಡು ದಿನ ಕಣದಲ್ಲೇ ಇದ್ದೆ. ಇಪ್ಪತ್ತಾರು ಚಿತ್ರ ಆಯಿತು. ಆ ಮದುವೆ ಕಾಗದದ ಕಿಟಕಿ ನಿಜವಾಗಿ ಕೆಲಸ ಮಾಡುತ್ತದೆ! ಮಡಿಕೇರಿಯ ಶುಕ್ರವಾರದ ಸಂತೆಗೂ ಹೋಗಿದ್ದೆ. ಅಲ್ಲಿ ಬುಟ್ಟಿ ಮಾರುವ ತಾತನ ಹತ್ತಿರ ಅರ್ಧ ಗಂಟೆ ಕೂತೆ. ಎರಡು ಸೀಳಿನ ಮೇಲೆ, ಎರಡರ ಕೆಳಗೆ, ಪ್ರತಿ ಸಾಲಿಗೂ ಒಂದು ಸೀಳು ಪಕ್ಕಕ್ಕೆ. ಕ್ಲಾಸಲ್ಲಿ ಒಂದು ತಿಂಗಳು ಹೇಳಿಕೊಟ್ಟ ಟ್ವಿಲ್ ನೇಯ್ಗೆ ಅದು. ತಾತ ಮಾತಾಡುತ್ತಾ, ನೋಡದೇ ಹೆಣೆಯುತ್ತಿದ್ದರು.

ಬಣ್ಣದ ಬಗ್ಗೆ ಕೇಳಬೇಕಿತ್ತು. ಕಾಫಿ ಡಿಕಾಕ್ಷನ್‌ನಲ್ಲಿ ಹತ್ತಿ ನೂಲು ಅದ್ದಿದೆ. ಒಂದು ಸಲ ತೊಳೆದ ಮೇಲೆ ಕೊಳಕು ಬನಿಯನ್ ಥರ ಆಯಿತು.

ಮಗ್ಗದ ಮಾತು · 6:45

ಹತ್ತಿಗೆ ಬಣ್ಣ ಸುಮ್ನೆ ಹಿಡಿಯಲ್ಲ. ಮೊದಲು ಅಳಲೆಕಾಯಿ ನೀರಿನಲ್ಲಿ ನೆನೆಸು, ಅದರಲ್ಲಿ ಒಗರು ಇದೆ. ಆಮೇಲೆ ಪಟಕ. ಹಳದಿ ಬೇಕಾದರೆ ಹಲಸಿನ ಮರದ ತಿರುಳಿನ ಚಕ್ಕೆ ಕುದಿಸು. ಬಡಗಿ ಹತ್ತಿರ ಕೇಳಿದರೆ ಒಂದು ಚೀಲ ಕೊಡುತ್ತಾನೆ. ಕೆಂಪುಗಂದು ಬೇಕಾದರೆ ಅಡಿಕೆ ಬೇಯಿಸಿ ಉಳಿದ ಚೊಗರು. ಬೂದು ಬೇಕಾದರೆ ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ನೆನೆಸಿ ಇಡು. ಅಳಲೆಕಾಯಿ ಹಿಡಿದ ನೂಲನ್ನು ಆ ನೀರಿಗೆ ಅದ್ದಿದರೆ ಕಣ್ಣೆದುರೇ ಬೂದಾಗುತ್ತದೆ. ಜಾಸ್ತಿ ಹೊತ್ತು ಬಿಡಬೇಡ, ಕಬ್ಬಿಣ ನೂಲನ್ನು ತಿನ್ನುತ್ತದೆ.

ನಾಪೋಕ್ಲು ನೆನಪು · 7:00

ಅರಿಶಿನ ಮಾತ್ರ ಬೇಡ. ಒಮ್ಮೆ ದಿಂಬಿನ ಬಟ್ಟೆಗೆ ಹಾಕಿದ್ದೆ. ಸೋಪು ತಾಗಿದ ಕಡೆ ಕೆಂಪಾಯಿತು, ಬಿಸಿಲು ಬಿದ್ದ ಕಡೆ ಬಿಳಿಯಾಯಿತು. ನಮ್ಮವರು ಹೋಳಿ ಆಡಿದ್ದೀಯಾ ಅಂದರು.

ಕಣದ ಕಾವಲುಗಾರ · 8:30

ಕಣದ ಚಿತ್ರ ಎಲ್ಲ ಸರಿ. ಮೋಡ ಬರುತ್ತಿದೆ, ಚೆರಿ ಇನ್ನೂ ಒಣಗಿಲ್ಲ. ಹೀಗೇ ಒಂದು ವರ್ಷ ಜನವರಿಯಲ್ಲಿ ಮಳೆ ಬಂದು ಕಣದಲ್ಲೇ ಬೂಸ್ಟು ಹಿಡಿಯಿತು. ಮಳೆ ಪುಸ್ತಕ ತೆಗೆದು ನೋಡಿದೆ, ಆ ವಾರ 1 ಇಂಚು 85 ಸೆಂಟ್. ಪುಸ್ತಕ ನೋಡಿದರೆ ಹೊಟ್ಟೆ ಇನ್ನೂ ಉರಿಯುತ್ತದೆ.

ಸುಮ್ನೆ ಓದುವವ · 8:36

ಸೆಂಟ್ ಅಂದರೆ? ನಾನು ಹಾಸನದವನು. ನಮ್ಮಲ್ಲಿ ಸೆಂಟ್ ಅಂದರೆ ಜಾಗ ಇಲ್ಲವೇ ಪರ್ಫ್ಯೂಮ್.

ಕಣದ ಕಾವಲುಗಾರ · 8:42

ಇಂಚಿನ ನೂರನೇ ಒಂದು ಭಾಗ. ಇಲ್ಲಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಅಳೆದು ಬರೆದಿಡುವುದು ಅಭ್ಯಾಸ. ಫೋನ್ ಮಾಡಿದರೆ "ಹೇಗಿದ್ದೀರಿ" ಗಿಂತ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?"

ಮಳೆಹುಳ · 8:50

ನಮ್ಮ ಅಜ್ಜನದ್ದೂ ಇದೆ! ಉದ್ದ ಲೆಕ್ಕದ ಪುಸ್ತಕಗಳು, ಅಟ್ಟದಲ್ಲಿ ಒಂದು ಟ್ರಂಕ್ ತುಂಬ. ಜ್ವರ ಬಂದರೂ ಎದ್ದು ಹೋಗಿ ಅಳೆಯುತ್ತಿದ್ದರು. ಅಜ್ಜ ಹೋದ ಮೇಲೆ ಅಪ್ಪ ಬರೆಯುತ್ತಾರೆ, ಆದರೆ ಅಕ್ಷರ ಕೆಟ್ಟದಾಗಿದೆ.

ಮಗ್ಗದ ಮಾತು · 8:53

ತಂಗಿ.

ಮಗ್ಗದ ಮಾತು · 8:53

ಅಟ್ಟಕ್ಕೆ ಹತ್ತು.

ಧಾರವಾಡದ ಸೊಸೆ · 9:05

ಅಯ್ಯ, ಎಣಿಕಿ ಮನಿಯೊಳಗ ಐತಿ, ಊರೆಲ್ಲ ಹುಡುಕ್ಯಾಡಿದಿ!

ಮಳೆಹುಳ · ಜನವರಿ 18, ಬೆಳಿಗ್ಗೆ 10:20

ರಾತ್ರಿ ಎರಡು ಗಂಟೆವರೆಗೆ ಅಟ್ಟದಲ್ಲಿದ್ದೆ. ಮೂರು ಪುಸ್ತಕ ಗೆದ್ದಲು ತಿಂದಿದೆ. ಉಳಿದವು ಚೆನ್ನಾಗಿವೆ. ಬರೀ ಅಂಕಿ ಅಲ್ಲ, ಪಕ್ಕದಲ್ಲಿ ಸಣ್ಣ ಟಿಪ್ಪಣಿಗಳೂ ಇವೆ. "ಹಸು ಕರು ಹಾಕಿತು." "ಕರೆಂಟಿಲ್ಲ, 9ನೇ ದಿನ." "ಹೂ ಮಳೆ ಸಾಲದು", ಅಂದರೆ ಕಾಫಿ ಹೂ ಅರಳಿಸುವ ಮಳೆ.

2018ರ ಪುಸ್ತಕ ತೆಗೆದೆ. ಜೂನ್, ಜುಲೈ ತುಂಬ ಇದೆ. ಆಗಸ್ಟ್ 15ರವರೆಗೆ ಇದೆ. 16ರಿಂದ 24ರವರೆಗೆ ಖಾಲಿ. 25ಕ್ಕೆ ಮತ್ತೆ ಶುರು. ಆ ವರ್ಷ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿದ್ದೆವು. ನಾನಾಗ ಏಳನೇ ಕ್ಲಾಸು. ನಮ್ಮ ಮನೆ ಉಳಿಯಿತು, ಕೆಳಗಿನ ತೋಟ ಹೋಯಿತು. ಅಜ್ಜ ಅಷ್ಟು ವರ್ಷದಲ್ಲಿ ಬಿಟ್ಟ ದಿನಗಳು ಅವಷ್ಟೇ.

ಇದನ್ನೇ ನೇಯಬೇಕು ಅನಿಸುತ್ತಿದೆ. ಆದರೆ ಹೇಗೆ? ಮತ್ತೆ… ನೇಯಬಹುದಾ?

ಕರಿಮೆಣಸು · 10:34

ನೇಯಿ. ಮಕ್ಕಂದೂರಿನಲ್ಲಿ ನನ್ನ ಚಿಕ್ಕಪ್ಪನ ಮನೆ ಹೋಯಿತು. ಆವತ್ತಿನ ಫೋಟೋ ಜನ ವಾಟ್ಸಾಪಲ್ಲಿ ಹಂಚಿ ಹಂಚಿ ಸಾಕಾಯಿತು. ಅಂಕಿ ಯಾರೂ ಹಂಚಲಿಲ್ಲ.

ಮಗ್ಗದ ಮಾತು · 11:15

ಲೆಕ್ಕ ಹಾಕೋಣ. ಜೂನ್ 1ರಿಂದ ಸೆಪ್ಟೆಂಬರ್ 30 ಅಂದರೆ 122 ದಿನ. ಒಟ್ಟು ಎಷ್ಟು ಮಳೆ ಇದೆ?

ಮಳೆಹುಳ · 11:32

ಖಾಲಿ ದಿನ ಬಿಟ್ಟು 131 ಇಂಚು 20 ಸೆಂಟ್. ಎರಡು ಸಲ ಕೂಡಿಸಿದೆ.

ಮಗ್ಗದ ಮಾತು · 11:50

ಅಂದರೆ 13,120 ಸೆಂಟ್. ಹತ್ತು ಸೆಂಟಿಗೆ ಒಂದು ಹೊಕ್ಕು, ಅಂದರೆ ಅಡ್ಡ ಎಳೆ ಹಾಕಿದರೆ 1,312 ಎಳೆ. ಇಂಚಿಗೆ 24 ಎಳೆ ಕೂತರೆ ಸುಮಾರು 55 ಇಂಚು ಬಟ್ಟೆ. ಒಂದೂವರೆ ಗಜ. ಕಾಲೇಜಿನ ಸಣ್ಣ ಮಗ್ಗದಲ್ಲಿ ಆರಾಮಾಗಿ ಆಗುತ್ತದೆ. ದಿನ ಬದಲಾದ ಹಾಗೆ ಎರಡು ಬೂದು ಬಣ್ಣ ಅದಲು ಬದಲು ಮಾಡು. ಆಗ ಪ್ರತಿ ದಿನವೂ ಒಂದು ಪಟ್ಟೆ. ಸಣ್ಣ ಮಳೆಗೆ ಗೆರೆ, ದೊಡ್ಡ ಮಳೆಗೆ ಹಲಗೆ. ಮಳೆ ಇಲ್ಲದ ದಿನಕ್ಕೆ ಹಲಸಿನ ಹಳದಿ, ಒಂದೇ ಎಳೆ.

ಸುಮ್ನೆ ಓದುವವ · 12:05

ಖಾಲಿ ದಿನಗಳಿಗೆ ಕಪ್ಪು ಹಾಕಿದರೆ?

ಧಾರವಾಡದ ಸೊಸೆ · 12:11

ಕೆಂಪು.

ನಿವೃತ್ತ ಹವಾಲ್ದಾರ · 12:20

ನಾನು ಆಗ ಊರಲ್ಲೇ ಇದ್ದೆ, ಜೋಡುಪಾಲದ ಕಡೆ ಕೆಲಸಕ್ಕೆ ಹೋಗಿದ್ದೆ. ಕಪ್ಪೂ ಬೇಡ, ಕೆಂಪೂ ಬೇಡ. ಬರೆಯದೇ ಬಿಟ್ಟದ್ದನ್ನು ಬರೆಯದೇ ಬಿಡಿ.

ಮಗ್ಗದ ಮಾತು · 12:48

ಹವಾಲ್ದಾರರು ಹೇಳಿದ್ದೇ ಸರಿ. ಹೊಕ್ಕು ಹಾಕಬೇಡ, ಹಾಸು, ಅಂದರೆ ಉದ್ದದ ಎಳೆ ಮಾತ್ರ ಹಾಗೇ ಬಿಡು. ದಿನಕ್ಕೆ ಅರ್ಧ ಇಂಚು ಅಂದರೆ ಒಂಬತ್ತು ದಿನಕ್ಕೆ ನಾಲ್ಕೂವರೆ ಇಂಚು ಬರೀ ನೂಲು. ಆದರೆ ಸುಮ್ನೆ ಬಿಟ್ಟರೆ ಎರಡೂ ಕಡೆಯ ಎಳೆ ಜಾರಿ ಆ ಜಾಗಕ್ಕೆ ಬರುತ್ತವೆ. ನೇಯುವಾಗ ಅಷ್ಟೇ ಅಗಲದ ರಟ್ಟು ಇಡು. ಎರಡೂ ಅಂಚಿಗೆ ಲೆನೋ ಹಾಕು, ಅಂದರೆ ಹಾಸಿನ ಜೋಡಿ ಎಳೆಗಳನ್ನು ಒಂದಕ್ಕೊಂದು ತಿರುಚಿ ಮಧ್ಯೆ ಹೊಕ್ಕು ದಾಟಿಸು. ಆಗ ಜಾರಲ್ಲ. ರಟ್ಟು ತೆಗೆದ ಮೇಲೂ ಖಾಲಿ ಖಾಲಿಯಾಗೇ ಇರುತ್ತದೆ.

ನಾಪೋಕ್ಲು ನೆನಪು · 1:30

ಜಿಗಣೆಯಿಂದ ಎಲ್ಲಿಗೆ ಬಂದೆವು ನೋಡಿ.

ಮಳೆಹುಳ · ಮಾರ್ಚ್ 3, ರಾತ್ರಿ 9:15

ತುಂಬ ದಿನ ಆಯಿತು, ಕ್ಷಮಿಸಿ. ನೇಯ್ದು ಮುಗಿಸಿದೆ. ಬೂದು ಬಣ್ಣದಲ್ಲಿ ಮೊದಲ ಸಲ ಕಬ್ಬಿಣ ಜಾಸ್ತಿಯಾಗಿ ನೂಲು ಪಟಪಟ ಹರಿಯಿತು. ಎಚ್ಚರಿಸಿದ್ದಿರಿ, ನಾನೇ ಕೇಳಲಿಲ್ಲ. ಎರಡನೇ ಸಲ ಸರಿ ಬಂತು. ಮೇಡಂ ಈ ಸಲ ಹೋಮ್‌ಸ್ಟೇ ಅನ್ನಲಿಲ್ಲ. ಆ ಖಾಲಿ ಜಾಗದ ಮೇಲೆ ಬೆರಳಾಡಿಸಿ "ಇಲ್ಲೇನಾಯಿತು?" ಅಂದರು. ಹೇಳಿದೆ.

ವಾರದ ಕೊನೆಗೆ ಊರಿಗೆ ತಂದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪುಸ್ತಕ ಪಕ್ಕದಲ್ಲಿಟ್ಟು ಒಂದೊಂದೇ ಪಟ್ಟೆ ಎಣಿಸಿದರು. ಖಾಲಿ ಜಾಗಕ್ಕೆ ಬಂದು ನಿಂತರು. "ಒಂಬತ್ತಲ್ಲ, ಹನ್ನೊಂದು" ಅಂದರು. 25, 26ರ ಅಂಕಿ ಅಜ್ಜ ಅಳೆದದ್ದಲ್ಲವಂತೆ. ಪಕ್ಕದ ತೋಟದವರನ್ನು ಕೇಳಿ ಬರೆದದ್ದಂತೆ. ನಾವು ಮನೆಗೆ ಬಂದದ್ದು 27ಕ್ಕೆ.

ಅಂದರೆ ನನ್ನ ಬಟ್ಟೆಯಲ್ಲಿ ಒಂದು ಇಂಚು ತಪ್ಪು. ಅಲ್ಲಿಂದ ಮುಂದಿನದ್ದೆಲ್ಲ ಮತ್ತೆ ನೇಯಬೇಕು.

ಧಾರವಾಡದ ಸೊಸೆ · 9:22

ಬಿಚ್ಚು. ದಾರ ಎಲ್ಲೂ ಹೋಗಂಗಿಲ್ಲ.

ಕರಿಮೆಣಸು · 9:30

ಅಪ್ಪನ ಅಕ್ಷರ ಕೆಟ್ಟದಾದರೂ ಲೆಕ್ಕ ಪಕ್ಕಾ.

ಕಣದ ಕಾವಲುಗಾರ · 9:41

ಸುಂಟಿಕೊಪ್ಪದಲ್ಲಿ ಈಗ ಹೂ ಮಳೆ ಶುರುವಾಯಿತು. ಬೆಳಿಗ್ಗೆ ಅಳೆದು ಹೇಳುತ್ತೇನೆ. ಮಾದಾಪುರದಲ್ಲಿ ಹೇಗೆ?

ಮಳೆಹುಳ · 9:44

ಗಾಳಿ ಮಾತ್ರ. ಅಪ್ಪ ಡಬ್ಬ ಹೊರಗಿಟ್ಟಿದ್ದಾರೆ.